ಪ್ರೋಗ್ರಾಮಿನ ಮನೆಯಲ್ಲಿ ಅತಿಥಿ ಭಾಷೆ

ಗಣಕಯಂತ್ರಕ್ಕೆ ಆಜ್ಞೆಯನ್ನೀಯುವ ಭಾಷೆಗಳು ಹಲವಾರು ಇವೆಯೆಂಬುದು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆದರೆ ಒಂದು ಭಾಷೆಯಲ್ಲಿ ಬರೆದು ಮುಗಿಸಿದ ದೊಡ್ಡ ಪ್ರೋಗ್ರಾಮಿನ ಒಡಲೊಳಗೆ ಇನ್ನೊಂದು ಚಿಕ್ಕ ಭಾಷೆಯನ್ನು ನೆಲೆಗೊಳಿಸಿ, ಎರಡೂ ಕೂಡಿ ಬಾಳುವಂತೆ ಮಾಡುವ ಪದ್ಧತಿಯೊಂದಿದೆ ಎಂಬುದನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಗಣಕದಲ್ಲಿ ಆಟವಾಡುವ ಹುಡುಗನೂ, ಛಾಯಾಚಿತ್ರಗಳನ್ನು ತಿದ್ದುವ ಕಲಾವಿದನೂ, ವಿಕಿಪೀಡಿಯವನ್ನು ಓದುವ ಅಧ್ಯಾಪಕನೂ ತಮಗರಿಯದಂತೆಯೇ ಇಂತಹ ಭಾಷೆಯೊಂದರ ಸೇವೆಯನ್ನು ಪಡೆಯುತ್ತಿರುತ್ತಾರೆ. ಹೊರಗಿನ ದೊಡ್ಡ ಪ್ರೋಗ್ರಾಮನ್ನು ಆತಿಥೇಯವೆಂದೂ, ಒಳಗಿನ ಚಿಕ್ಕ ಭಾಷೆಯನ್ನು ಅತಿಥಿಯೆಂದೂ ಈ ಲೇಖನದಲ್ಲಿ ಕರೆಯೋಣ. ಅತಿಥಿಯ ಅಗತ್ಯವೇನು, ಇಬ್ಬರ ನಡುವೆ ಕೊಡುಕೊಳ್ಳುವಿಕೆಯು ಹೇಗೆ ನಡೆಯಬೇಕು, ಹಲವು ಕೆಲಸಗಳು ಒಟ್ಟಿಗೆ ಒದಗಿದಾಗ ಸರದಿಯನ್ನು ನಿರ್ಣಯಿಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುವುದು ನಮ್ಮ ಉದ್ದೇಶ.

ಒಂದು ಪ್ರೋಗ್ರಾಮಿಗೆ ಎರಡು ಭಾಷೆಗಳೇಕೆ? ಸಿ ಮುಂತಾದ ಭಾಷೆಗಳಲ್ಲಿ ಬರೆದುದನ್ನು ಮೊದಲು ಕಂಪೈಲ್ ಮಾಡಿ, ಎಂದರೆ ಯಂತ್ರದ ಸ್ವಂತ ನುಡಿಗೆ ಪೂರ್ಣವಾಗಿ ಪರಿವರ್ತಿಸಿ, ಅನಂತರ ಓಡಿಸಬೇಕಾಗುತ್ತದೆ. ಇದರಿಂದ ವೇಗವು ದೊರೆಯುತ್ತದೆ, ಯಂತ್ರದ ಮೆಮೊರಿಯ ಮೇಲೆ ಹಿಡಿತವೂ ದೊರೆಯುತ್ತದೆ. ಆದರೆ ಒಂದು ಸಣ್ಣ ನಿಯಮವನ್ನು ಬದಲಿಸಬೇಕಾದರೂ ಮೂಲಪಾಠವನ್ನು ತೆರೆದು, ತಿದ್ದಿ, ಪುನಃ ಕಂಪೈಲ್ ಮಾಡಬೇಕು. ಅದಕ್ಕೆ ಆ ಕೆಲಸವನ್ನು ಬಲ್ಲ ಪರಿಣತನೇ ಬರಬೇಕು. ಸ್ಕ್ರಿಪ್ಟ್ ಭಾಷೆಯ ರೀತಿ ಬೇರೆ. ಅದರಲ್ಲಿ ಬರೆದ ಪಾಠವನ್ನು ಇಂಟರ್‌ಪ್ರಿಟರ್ ಎಂಬ ದುಭಾಷಿಯು ಆಗಿಂದಾಗ ಓದಿ ನಡೆಸುತ್ತದೆ. ವೇಗವು ತುಸು ಕಡಿಮೆಯಾದರೂ ತಿದ್ದುಪಾಟು ಸುಲಭ. ಆದುದರಿಂದ ಭಾರವಾದ, ಅಪರೂಪಕ್ಕೆ ಬದಲಾಗುವ ಕೆಲಸಗಳನ್ನು ಆತಿಥೇಯಕ್ಕೂ, ದಿನದಿನಕ್ಕೆ ಬದಲಾಗುವ ನಿಯಮಗಳನ್ನು ಅತಿಥಿಗೂ ಹಂಚಿಕೊಡುವುದು ವಿವೇಕದ ಮಾರ್ಗ. ಹೀಗೆ ಹಂಚಿಕೊಟ್ಟಲ್ಲಿ, ಪ್ರೋಗ್ರಾಮನ್ನು ಕಟ್ಟಿದವನ ಬಾಗಿಲಿಗೆ ಅಲೆಯದೆ, ವಿಷಯವನ್ನು ಬಲ್ಲವನೇ ಅದನ್ನು ತನ್ನ ಅಗತ್ಯಕ್ಕೆ ಒಗ್ಗಿಸಿಕೊಳ್ಳಬಹುದು.

ಲುವಾ ಎಂಬ ಭಾಷೆಯ ಜನನವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಬ್ರಜಿಲ್ ದೇಶವು 1977ರಿಂದ 1992ರವರೆಗೆ ಗಣಕಯಂತ್ರಗಳ ಮತ್ತು ಅವುಗಳ ಪ್ರೋಗ್ರಾಮುಗಳ ಆಮದಿಗೆ ಬಲವಾದ ನಿರ್ಬಂಧವನ್ನು ಹಾಕಿತ್ತು. ಬೇಕಾದುದನ್ನು ಹೊರದೇಶದಿಂದ ತರಿಸಿಕೊಳ್ಳುವುದು ಕಷ್ಟವಾದಾಗ ಅಲ್ಲಿಯ ಸಂಸ್ಥೆಗಳು ತಮ್ಮ ಉಪಕರಣಗಳನ್ನು ತಾವೇ ನಿರ್ಮಿಸಿಕೊಳ್ಳಬೇಕಾಯಿತು. ರಿಯೊ ಡಿ ಜನೈರೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿದ್ದ ಟೆಕ್‌ಗ್ರಾಫ್ ಎಂಬ ಪ್ರಯೋಗಶಾಲೆಯು ಆ ಕಾಲದಲ್ಲಿ ಪೆಟ್ರೊಬ್ರಾಸ್ ಎಂಬ ತೈಲ ಸಂಸ್ಥೆಗಾಗಿ ಕೆಲಸ ಮಾಡುತ್ತಿತ್ತು. ಆ ಸಂಸ್ಥೆಯ ಎಂಜಿನಿಯರರು ಹಳೆಯ ಗಣನಾಪ್ರೋಗ್ರಾಮುಗಳಿಗೆ ಅಂಕೆಗಳ ಉದ್ದುದ್ದ ಸಾಲುಗಳನ್ನು ಊಡಿಸಬೇಕಾಗಿತ್ತು. ಯಾವ ಅಂಕೆ ಯಾವುದರದ್ದೆಂಬ ಗುರುತೂ ಆ ಸಾಲುಗಳಲ್ಲಿರಲಿಲ್ಲ. ಒಂದು ಅಂಕೆ ತನ್ನ ಸ್ಥಾನದಿಂದ ಸರಿದರೆ ಲೆಕ್ಕವೇ ಕೆಡುತ್ತಿತ್ತು. ಈ ಕಷ್ಟವನ್ನು ನೀಗಲು ಡೆಲ್ ಎಂಬ ಪುಟ್ಟ ಭಾಷೆಯೂ, ಭೂಗರ್ಭದ ಶಿಲಾಸ್ತರಗಳ ವರದಿಗಳನ್ನು ಬಳಕೆದಾರರು ತಮಗೆ ಬೇಕಾದಂತೆ ರಚಿಸಿಕೊಳ್ಳಲೆಂದು ಸೋಲ್ ಎಂಬ ಇನ್ನೊಂದು ಭಾಷೆಯೂ ನಿರ್ಮಾಣಗೊಂಡವು.

ಬಳಕೆದಾರರ ಬೇಡಿಕೆಗಳು ಅಷ್ಟಕ್ಕೆ ನಿಲ್ಲಲಿಲ್ಲ. 'ಹೀಗಿದ್ದರೆ ಹಾಗೆ ಮಾಡು', 'ಇಷ್ಟು ಸಲ ಮಾಡು' ಎಂಬ ಆಜ್ಞೆಗಳೂ ಬೇಕೆಂದು ಅವರು ಕೇಳತೊಡಗಿದರು. 1993ರಲ್ಲಿ ರೊಬೆರ್ಟೊ ಇಯೆರುಸಾಲಿಮ್‌ಸ್ಕಿ, ಲೂಯಿಸ್ ಹೆನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮಾರ್ ಸೆಲೆಸ್ ಎಂಬ ಮೂವರು ಕೂಡಿ, ಎರಡು ಭಾಷೆಗಳ ಸ್ಥಾನದಲ್ಲಿ ಒಂದೇ ಸಮರ್ಥ ಭಾಷೆಯನ್ನು ರಚಿಸಿದರು. ಪೋರ್ಚುಗೀಸ್ ಭಾಷೆಯಲ್ಲಿ ಸೋಲ್ ಎಂದರೆ ಸೂರ್ಯ. ಹೊಸ ಭಾಷೆಗೆ ಚಂದ್ರನೆಂಬ ಅರ್ಥದ ಲುವಾ ಎಂಬ ಹೆಸರು ಬಂದಿತು. ಅದನ್ನು ಬಳಸುವವರು ಎಂಜಿನಿಯರರು, ಭೂಗರ್ಭಶಾಸ್ತ್ರಜ್ಞರು. ಪ್ರೋಗ್ರಾಮು ಬರೆಯುವುದೇ ಅವರ ವೃತ್ತಿಯಲ್ಲ. ಆದುದರಿಂದ ಭಾಷೆಯು ಸರಳವಾಗಿರಬೇಕಿತ್ತು. ಯಾವ ಬಗೆಯ ಯಂತ್ರವಾದರೂ ಅದರ ಮೇಲೆ ಓಡಬೇಕಿತ್ತು. ಬೇರೆಯವರ ಪ್ರೋಗ್ರಾಮಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳಬೇಕಿತ್ತು. ಲುವಾದ ಮುಂದಿನ ಗುಣಗಳೆಲ್ಲವೂ ಈ ಮೂರು ಅಗತ್ಯಗಳಿಂದ ಮೊಳೆತವು ಎಂದರೆ ತಪ್ಪಾಗಲಾರದು.

ಈಗ ಅತಿಥಿಯು ಮನೆಯನ್ನು ಹೊಗುವ ಬಗೆಯನ್ನು ನೋಡೋಣ. ಲುವಾ ಎಂಬುದು ತಾನಾಗಿ ಓಡುವ ಪ್ರೋಗ್ರಾಮಿಗಿಂತ ಹೆಚ್ಚಾಗಿ ಒಂದು ಗ್ರಂಥಾಲಯ, ಎಂದರೆ ಆತಿಥೇಯವು ತನ್ನ ಪಾಠದೊಡನೆ ಜೋಡಿಸಿಕೊಳ್ಳಬಹುದಾದ ಆಜ್ಞೆಗಳ ಸಂಗ್ರಹ. ಅದರ ಮೂಲಪಾಠವೆಲ್ಲವೂ ಸಿ ಭಾಷೆಯ ಸುಮಾರು 30,000 ಸಾಲುಗಳು. ಕಂಪೈಲ್ ಮಾಡಿದ ಮೇಲೆ ಕೆಲವು ನೂರು ಕಿಲೋಬೈಟುಗಳಷ್ಟೆ. ದುಭಾಷಿಯ ಸರ್ವಸ್ವವೂ ಸ್ಟೇಟ್ ಎಂಬ ಒಂದೇ ಗಂಟಿನಲ್ಲಿ ಅಡಗಿರುತ್ತದೆ. ಆ ಗಂಟಿನ ಹೊರಗೆ ಅದು ಏನನ್ನೂ ಚೆಲ್ಲಿಕೊಂಡಿರುವುದಿಲ್ಲ. ಆದುದರಿಂದ ಆತಿಥೇಯವು ಬೇಕೆಂದಾಗ ಒಂದು ಸ್ಟೇಟನ್ನು ತೆರೆಯಬಹುದು, ಸಾಕೆಂದಾಗ ಮುಚ್ಚಬಹುದು, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ ಹತ್ತು ಸ್ಟೇಟುಗಳನ್ನು ಬೇರೆ ಬೇರೆಯಾಗಿಯೂ ಇರಿಸಿಕೊಳ್ಳಬಹುದು.

ಆದರೆ ಆತಿಥೇಯಕ್ಕೂ ಅತಿಥಿಗೂ ನಡೆನುಡಿಗಳು ಬೇರೆ. ಸಿ ಭಾಷೆಯಲ್ಲಿ ಪ್ರತಿಯೊಂದು ಪಾತ್ರೆಗೂ ಅದರಲ್ಲಿ ಯಾವ ಜಾತಿಯ ವಸ್ತುವಿರಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಲುವಾದಲ್ಲಿ ಒಂದೇ ಪಾತ್ರೆಯು ಈಗ ಅಂಕೆಯನ್ನೂ ಮರುಗಳಿಗೆಯಲ್ಲಿ ಅಕ್ಷರಗಳನ್ನೂ ಹಿಡಿಯಬಲ್ಲದು. ಸಿ ಭಾಷೆಯಲ್ಲಿ ಬಳಸಿದ ಜಾಗವನ್ನು ಬರೆದವನೇ ನೆನಪಿಟ್ಟು ತೆರವು ಮಾಡಬೇಕು. ಲುವಾದಲ್ಲಿ ಯಾರೂ ಬಳಸದೆ ಉಳಿದ ವಸ್ತುಗಳನ್ನು ಗುಡಿಸಿ ತೆಗೆಯುವ ಏರ್ಪಾಡು ತಾನಾಗಿ ನಡೆಯುತ್ತಿರುತ್ತದೆ. ಅತಿಥಿಯ ವಸ್ತುವೊಂದನ್ನು ಆತಿಥೇಯವು ನೇರವಾಗಿ ಕೈಯಲ್ಲಿ ಹಿಡಿದುಕೊಂಡಿದೆಯೆಂದು ಭಾವಿಸೋಣ. ಗುಡಿಸುವ ಏರ್ಪಾಡಿಗೆ ಅದು ಕಾಣಿಸದು. ಬೇಡವಾದುದೆಂದು ಬಗೆದು ಅಳಿಸಿಬಿಟ್ಟೀತು. ಮರುಕ್ಷಣ ಆತಿಥೇಯದ ಕೈಯಲ್ಲಿ ಉಳಿಯುವುದು ಬರಿಯ ಹಳೆಯ ವಿಳಾಸ.

ಈ ತೊಡಕಿಗೆ ಪರಿಹಾರವಾಗಿ ಇಬ್ಬರ ನಡುವೆ ಸ್ಟ್ಯಾಕ್ ಎಂಬ ಅಟ್ಟಿಯೊಂದನ್ನು ಇರಿಸಲಾಗಿದೆ. ಊಟದ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಿಯಿಡುವಂತೆ ಇಲ್ಲಿ ಮೌಲ್ಯಗಳನ್ನು ಇಡುತ್ತಾರೆ. ಲುವಾದಲ್ಲಿ ಬರೆದ ಬಡ್ಡಿಯ ನಿಯಮವೊಂದನ್ನು ಸಿ ಪ್ರೋಗ್ರಾಮು ಕರೆಯಬೇಕಾಗಿದೆ ಎನ್ನಿ. ಮೊದಲು ನಿಯಮವನ್ನು ಅಟ್ಟಿಯ ಮೇಲಿಡುತ್ತದೆ. ಅದರ ಮೇಲೆ ಅಸಲನ್ನು, ಅದರ ಮೇಲೆ ಅವಧಿಯನ್ನು ಇಡುತ್ತದೆ. 'ಇಟ್ಟುದು ಎರಡು, ಬೇಕಾದುದು ಒಂದು' ಎಂದು ತಿಳಿಸಿ ಕರೆಯುತ್ತದೆ. ಲುವಾ ಆ ಮೂರನ್ನೂ ತೆಗೆದುಕೊಂಡು, ಬಂದ ಉತ್ತರವೊಂದನ್ನು ಅದೇ ಅಟ್ಟಿಯ ಮೇಲಿಡುತ್ತದೆ. ಆತಿಥೇಯವು ಅದನ್ನು ಓದಿಕೊಂಡು ತಟ್ಟೆಯನ್ನು ತೆಗೆದಿಡುತ್ತದೆ. ಅತಿಥಿಯು ಆತಿಥೇಯದಿಂದ ಸೇವೆಯನ್ನು ಬೇಡುವುದೂ ಇದೇ ಕ್ರಮದಲ್ಲಿ. ಅಟ್ಟಿಯು ಲುವಾದ ಅಧೀನದಲ್ಲಿರುವುದರಿಂದ ಅದರ ಮೇಲಿರುವಷ್ಟು ಕಾಲ ಯಾವ ವಸ್ತುವೂ ಕಸವೆಂದು ಗಣಿಸಲ್ಪಡುವುದಿಲ್ಲ. ಇಟ್ಟಷ್ಟನ್ನು ತೆಗೆಯದೆ ಹೋದರೆ ಮಾತ್ರ ಅಟ್ಟಿಯು ಬೆಳೆಯುತ್ತ ಹೋಗಿ ಒಂದು ದಿನ ಕುಸಿಯುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಸಾಮಾನ್ಯವಾಗಿ ಇದೇ.

ಅತಿಥಿಯ ತಪ್ಪಿನಿಂದ ಮನೆಯು ಮುರಿದು ಬೀಳಬಾರದು. ಲುವಾ ಪಾಠದಲ್ಲಿ ದೋಷವಿದ್ದು, ಆತಿಥೇಯವು ಯಾವ ಎಚ್ಚರಿಕೆಯನ್ನೂ ವಹಿಸದೆ ಅದನ್ನು ಕರೆದರೆ ಇಡೀ ಪ್ರೋಗ್ರಾಮೇ ಅಲ್ಲಿಗೆ ನಿಂತುಹೋಗುತ್ತದೆ. ಅದಕ್ಕಾಗಿ ರಕ್ಷಿತ ಕರೆ ಎಂಬ ವಿಧಾನವುಂಟು. ಅದರ ಮೂಲಕ ಕರೆದಲ್ಲಿ, ಒಳಗೆ ಏನೇ ಅನಾಹುತವಾದರೂ ದೋಷದ ಸಂಕೇತವೊಂದು ಹಿಂದಿರುಗುತ್ತದೆ, ಕಾರಣವನ್ನು ತಿಳಿಸುವ ವಾಕ್ಯವು ಅಟ್ಟಿಯ ಮೇಲೆ ಬಂದು ಕುಳಿತಿರುತ್ತದೆ. ಇನ್ನೂ ಮುಖ್ಯವಾದುದು ಕೊಡುವುದರಲ್ಲಿಯ ಮಿತಿ. ಹೊಸದಾಗಿ ತೆರೆದ ಸ್ಟೇಟಿಗೆ ಕಡತಗಳನ್ನು ತೆರೆಯುವ ಶಕ್ತಿಯೂ ಇಲ್ಲ, ಗಡಿಯಾರವನ್ನು ನೋಡುವ ಶಕ್ತಿಯೂ ಇಲ್ಲ. ಆತಿಥೇಯವು ಯಾವ ಕೋಣೆಯ ಬೀಗದ ಕೈಯನ್ನು ಕೊಟ್ಟಿತೋ ಆ ಕೋಣೆಯಷ್ಟೇ ಅದರ ಪ್ರಪಂಚ. ಅಪರಿಚಿತರು ಬರೆದ ಪಾಠವನ್ನೂ ಧೈರ್ಯದಿಂದ ಓಡಿಸಬಹುದಾದುದು ಈ ಮಿತಿಯಿಂದಲೇ.

ಇನ್ನು ಮೂರನೆಯ ಪ್ರಶ್ನೆ, ಹಲವು ಕೆಲಸಗಳ ಸರದಿ. ಒಂದು ಆಟದ ಪ್ರೋಗ್ರಾಮನ್ನು ನೆನೆದುಕೊಳ್ಳೋಣ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16 ಮಿಲಿಸೆಕೆಂಡು. ಅಷ್ಟರಲ್ಲಿ ಕೋಟೆಯ ಕಾವಲುಗಾರನು ನಡೆಯಬೇಕು, ಹಕ್ಕಿಯು ಹಾರಬೇಕು, ಬಾಗಿಲು ತೆರೆಯಬೇಕು. ಕಾವಲುಗಾರನ ಪಾಠವು ಹೀಗಿದೆಯೆನ್ನಿ: 'ಬಾಗಿಲವರೆಗೆ ನಡೆ; ಮೂರು ಸೆಕೆಂಡು ನಿಲ್ಲು; ಹಿಂದಿರುಗು; ಮತ್ತೆ ಮೊದಲಿನಿಂದ ಆರಂಭಿಸು.' ಓದಲು ಇದು ಬಹು ಸುಲಭ. ಆದರೆ ಅವನು ನಿಲ್ಲುವ ಮೂರು ಸೆಕೆಂಡೂ ಯಂತ್ರವು ಅವನೊಡನೆ ನಿಂತರೆ 180 ಚಿತ್ರಗಳು ತಪ್ಪಿಹೋಗುತ್ತವೆ. ಹಕ್ಕಿಯು ಆಕಾಶದಲ್ಲಿಯೇ ಸ್ತಬ್ಧವಾಗುತ್ತದೆ.

ಒಬ್ಬೊಬ್ಬರಿಗೂ ಕಾರ್ಯಾಚರಣ ವ್ಯವಸ್ಥೆಯು ನೀಡುವ ಥ್ರೆಡ್ ಎಂಬ ಪ್ರತ್ಯೇಕ ಎಳೆಯೊಂದನ್ನು ಕೊಡುವುದು ಒಂದು ಉಪಾಯ. ಆದರೆ ವ್ಯವಸ್ಥೆಯು ಯಾವ ಎಳೆಯನ್ನು ಯಾವ ಕ್ಷಣದಲ್ಲಿಯಾದರೂ ತಡೆದು ಇನ್ನೊಂದನ್ನು ಓಡಿಸಬಹುದು. ಸಂಘದ ಲೆಕ್ಕದ ಪುಸ್ತಕವೊಂದೇ, ಗುಮಾಸ್ತರು ಇಬ್ಬರು ಎನ್ನಿ. ಶಿಲ್ಕು 100 ರೂಪಾಯಿ. ಮೊದಲನೆಯವನು 100 ಎಂದು ಓದಿಕೊಂಡು, ಬಂದ 10 ರೂಪಾಯಿಯನ್ನು ಮನಸ್ಸಿನಲ್ಲಿ ಕೂಡಿಸುತ್ತಿರುವಾಗಲೇ ಎರಡನೆಯವನೂ 100 ಎಂದು ಓದಿ, ತನ್ನಲ್ಲಿಗೆ ಬಂದ 10 ರೂಪಾಯಿಯನ್ನು ಕೂಡಿಸಿ 110 ಎಂದು ಬರೆಯುತ್ತಾನೆ. ಮೊದಲನೆಯವನೂ 110 ಎಂದೇ ಬರೆಯುತ್ತಾನೆ. ಪುಸ್ತಕದಲ್ಲಿ 10 ರೂಪಾಯಿ ಕಾಣೆಯಾಯಿತು. ಕದ್ದವರು ಯಾರೂ ಇಲ್ಲ. ಇಂತಹ ದೋಷವು ಒಮ್ಮೆ ತೋರಿ ನೂರು ಸಲ ಅಡಗುವುದರಿಂದ ಹುಡುಕಿ ಹಿಡಿಯುವುದು ಅತಿ ಕಷ್ಟ.

ಲುವಾ ಹಿಡಿದ ದಾರಿಯು ಕೊರೂಟೀನ್ ಎಂಬುದು. ಈ ಹೆಸರನ್ನು 1958ರಲ್ಲಿ ಸೃಷ್ಟಿಸಿದವರು ಅಮೆರಿಕದ ಮೆಲ್ವಿನ್ ಕಾನ್‌ವೇ. 1963ರಲ್ಲಿ ಅದನ್ನು ಕುರಿತ ಅವರ ಪ್ರಬಂಧವು ಪ್ರಕಟವಾಯಿತು. ಲುವಾದಲ್ಲಿ ಅದು ಸೇರಿದುದು 2003ರ 5.0 ಆವೃತ್ತಿಯಲ್ಲಿ. ಅದರ ಸ್ವರೂಪವನ್ನು ತಿಳಿಯಲು ನಮ್ಮ ತಾಳಮದ್ದಳೆಗಿಂತ ಒಳ್ಳೆಯ ಉಪಮಾನ ಬೇಕಿಲ್ಲ. ಕೂಟದಲ್ಲಿ ಕುಳಿತ ಅರ್ಥಧಾರಿಗಳು ಹಲವರು. ಆದರೆ ಒಂದು ಕಾಲದಲ್ಲಿ ಮಾತನಾಡುವವರು ಒಬ್ಬರೇ. ಕೃಷ್ಣನು ತನ್ನ ವಾದವನ್ನು ಒಂದು ಹಂತಕ್ಕೆ ತಂದು ನಿಲ್ಲಿಸುತ್ತಾನೆ. ಭಾಗವತರು ಮುಂದಿನ ಪದವನ್ನೆತ್ತುತ್ತಾರೆ. ಕೌರವನು ಉತ್ತರ ಹೇಳುತ್ತಾನೆ. ಪುನಃ ಸರದಿ ಬಂದಾಗ ಕೃಷ್ಣನು ಪ್ರಸಂಗವನ್ನು ಮೊದಲಿನಿಂದ ಆರಂಭಿಸುವುದಿಲ್ಲ. ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ, ಎದುರಾಳಿಯ ಮಾತನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮುಂದುವರಿಸುತ್ತಾನೆ.

ಕೊರೂಟೀನಿನ ನಡೆಯೂ ಅದೇ. ಪ್ರತಿಯೊಂದಕ್ಕೂ ತನ್ನದೇ ಆದ ಅಟ್ಟಿಯುಂಟು; ತಾನು ನಿಂತ ಸ್ಥಳವೂ ತನ್ನ ಲೆಕ್ಕಗಳೂ ಅದರಲ್ಲಿ ಭದ್ರವಾಗಿರುತ್ತವೆ. ಕಾವಲುಗಾರನು 'ಮೂರು ಸೆಕೆಂಡು ನಿಲ್ಲು' ಎಂಬಲ್ಲಿಗೆ ಬಂದಾಗ ತನ್ನ ಸರದಿಯನ್ನು ತಾನೇ ಬಿಟ್ಟುಕೊಟ್ಟು, 'ಮೂರು ಸೆಕೆಂಡು ಕಳೆದ ಮೇಲೆ ಕರೆಯಿರಿ' ಎಂಬ ಮಾತನ್ನು ಆತಿಥೇಯದ ಕೈಗಿತ್ತು ನಿಲ್ಲುತ್ತಾನೆ. ಭಾಗವತರ ಸ್ಥಾನದಲ್ಲಿರುವ ಆತಿಥೇಯವು ಹಕ್ಕಿಯನ್ನು ಎಬ್ಬಿಸುತ್ತದೆ, ಬಾಗಿಲನ್ನು ಎಬ್ಬಿಸುತ್ತದೆ, ಚಿತ್ರವನ್ನು ಬಿಡಿಸುತ್ತದೆ. ಹೊತ್ತು ಬಂದಾಗ ಕಾವಲುಗಾರನನ್ನು ನಿಂತಲ್ಲಿಂದಲೇ ಮುಂದುವರಿಸುತ್ತದೆ. ಥ್ರೆಡ್ ಒಂದಕ್ಕೆ ಲಿನಕ್ಸ್ ವ್ಯವಸ್ಥೆಯು ವಾಡಿಕೆಯಾಗಿ 8 ಮೆಗಾಬೈಟುಗಳಷ್ಟು ವಿಳಾಸಗಳನ್ನು ಕಾದಿರಿಸುತ್ತದೆ. ಕೊರೂಟೀನಿಗೆ ಮೊದಲಿಗೆ ಸುಮಾರು 1 ಕಿಲೋಬೈಟು ಸಾಕು. ಆದುದರಿಂದ ಸಾವಿರಾರು ಪಾತ್ರಗಳಿದ್ದರೂ ಮನೆಯು ಇಕ್ಕಟ್ಟಾಗದು. ಗುಮಾಸ್ತರ ತಪ್ಪು ಇಲ್ಲಿ ನಡೆಯಲೇ ಆರದೆಂದಲ್ಲ. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಸರದಿಯನ್ನು ಬಿಟ್ಟುಕೊಟ್ಟರೆ ಇಲ್ಲಿಯೂ ನಡೆದೀತು. ಆದರೆ ಬಿಟ್ಟುಕೊಡುವ ಸ್ಥಳವು ಪಾಠದಲ್ಲಿ ಕಣ್ಣಿಗೆ ಕಾಣುವಂತಿರುವುದರಿಂದ ಜಾಗರೂಕನು ಅದನ್ನು ತಪ್ಪಿಸಿಕೊಳ್ಳಬಲ್ಲನು.

ಈ ಕ್ರಮಕ್ಕೆ ಮಿತಿಗಳೂ ಇವೆ. ಮೊದಲನೆಯದಾಗಿ, ಎಷ್ಟೇ ಕೊರೂಟೀನುಗಳಿದ್ದರೂ ಒಂದು ಸ್ಟೇಟಿನಲ್ಲಿ ಒಂದು ಕ್ಷಣಕ್ಕೆ ಓಡುವುದು ಒಂದೇ. ಯಂತ್ರದಲ್ಲಿರುವ ಹಲವು ಸಂಸ್ಕರಣ ಘಟಕಗಳನ್ನೂ ದುಡಿಸಬೇಕಾದರೆ ಬೇರೆ ಬೇರೆ ಸ್ಟೇಟುಗಳನ್ನು ಬೇರೆ ಬೇರೆ ಥ್ರೆಡ್ಡುಗಳಲ್ಲಿ ನಡೆಸಬೇಕು. ಎರಡನೆಯದಾಗಿ, ಈ ವ್ಯವಸ್ಥೆಯು ನಿಂತಿರುವುದು ಸೌಜನ್ಯದ ಮೇಲೆ. ಮಾತು ನಿಲ್ಲಿಸದ ಅರ್ಥಧಾರಿಯಿದ್ದರೆ ಕೂಟವೇ ಕೆಡುತ್ತದೆ. ಅಂಥಲ್ಲಿ ಭಾಗವತರು ಜಾಗಟೆಯ ಮೇಲೊಂದು ಪೆಟ್ಟು ಹಾಕಿ ಪದವನ್ನೆತ್ತುವಂತೆ, ಇಷ್ಟು ಆಜ್ಞೆಗಳು ನಡೆದೊಡನೆ ತನಗೆ ತಿಳಿಯಲೆಂದು ಆತಿಥೇಯವು ಮೊದಲೇ ಹುಕ್ ಎಂಬ ಏರ್ಪಾಡನ್ನು ಮಾಡಿಟ್ಟುಕೊಳ್ಳಬಹುದು. ಮಿತಿಮೀರಿದ ಪಾಠವನ್ನು ಅಲ್ಲಿಯೇ ನಿಲ್ಲಿಸಬಹುದು.

ರೆಡಿಸ್ ಎಂಬ ದತ್ತಾಂಶ ಭಂಡಾರದ ನಿದರ್ಶನವು ಇಲ್ಲಿ ಗಮನಾರ್ಹ. 2012ರ 2.6 ಆವೃತ್ತಿಯಿಂದ ಅದು ಲುವಾ ಪಾಠಗಳನ್ನು ತನ್ನೊಳಗೆ ಓಡಿಸುತ್ತದೆ. ಒಂದು ಪಾಠವು ನಡೆಯುತ್ತಿರುವಾಗ ಬೇರೆ ಯಾರ ಆಜ್ಞೆಯೂ ನಡುವೆ ನುಸುಳುವುದಿಲ್ಲ. ಗುಮಾಸ್ತರ ತಪ್ಪು ಅಲ್ಲಿ ಸಂಭವಿಸಲಾರದು. ಆದರೆ ಪಾಠವು ವಾಡಿಕೆಯ ಮಿತಿಯಾದ 5 ಸೆಕೆಂಡುಗಳನ್ನು ಮೀರಿದರೆ ಉಳಿದವರಿಗೆ 'ಬಿಡುವಿಲ್ಲ' ಎಂಬ ಉತ್ತರವು ಸಿಗತೊಡಗುತ್ತದೆ. ಆ ಪಾಠವು ಇನ್ನೂ ಏನನ್ನೂ ಬರೆದಿಲ್ಲವಾದರೆ ಅದನ್ನು ನಿಲ್ಲಿಸಬಹುದು. ಬರೆಯತೊಡಗಿದ್ದರೆ, ಅರ್ಧ ಬರೆದ ಲೆಕ್ಕವು ಉಳಿದೀತೆಂಬ ಭಯದಿಂದ, ನಿಲ್ಲಿಸಲು ಅವಕಾಶವಿಲ್ಲ. ಅಡ್ಡಿಯಿಲ್ಲದೆ ಮುಗಿಸುವ ಹಕ್ಕನ್ನು ಕೊಟ್ಟ ಆತಿಥೇಯವು ಅದರ ಬೆಲೆಯನ್ನೂ ತೆರಬೇಕಾಗುತ್ತದೆ.

ಮೂರನೆಯ ತೊಡಕು ಎರಡು ಭಾಷೆಗಳ ಗಡಿಯದು. ಲುವಾದಿಂದ ಸಿ, ಆ ಸಿಯಿಂದ ಮತ್ತೆ ಲುವಾ ಎಂದು ಕರೆಗಳು ಹೆಣೆದುಕೊಂಡಿರುವಾಗ ಅತ್ಯಂತ ಒಳಗಿನ ಲುವಾ ಪಾಠವು ಸರದಿಯನ್ನು ಬಿಟ್ಟುಕೊಡಬಯಸಿತೆನ್ನಿ. ಲುವಾದ ಸ್ಥಿತಿಯು ಅಟ್ಟಿಯಲ್ಲಿ ಭದ್ರ. ಆದರೆ ನಡುವೆ ಸಿಲುಕಿದ ಸಿ ಆಜ್ಞೆಗೆ ತಾನು ನಿಂತ ಸ್ಥಳವನ್ನು ಕಾದಿಟ್ಟುಕೊಳ್ಳುವ ಉಪಾಯವಿಲ್ಲ. ಆದುದರಿಂದ ಬಹುಕಾಲ ಇದು ನಿಷಿದ್ಧವಾಗಿತ್ತು. 2011ರ 5.2 ಆವೃತ್ತಿಯಲ್ಲಿ, 'ಮರಳಿ ಕರೆಯುವಾಗ ಈ ಆಜ್ಞೆಯಿಂದ ಮುಂದುವರಿಸಿ' ಎಂದು ಸಿ ಪ್ರೋಗ್ರಾಮು ಮೊದಲೇ ಹೇಳಿಡುವ ವಿಧಾನವು ಬಂದಿತು. ಅತಿಥಿಯ ಸೌಕರ್ಯಕ್ಕೆ ಆತಿಥೇಯವೂ ತುಸು ಶ್ರಮಿಸಬೇಕೆಂಬುದು ಇದರ ತಾತ್ಪರ್ಯ. ರಾಬರ್ಟ್ ನಿಸ್ಟ್ರಾಮ್ ಎಂಬವರು ಅನಂತರ ರಚಿಸಿದ ರೆನ್ ಎಂಬ ಪುಟ್ಟ ಭಾಷೆಯಲ್ಲಂತೂ ಇದೇ ತತ್ತ್ವವು ಅಡಿಗಲ್ಲಾಗಿದೆ. ಅದರಲ್ಲಿ ಬರೆದ ಪ್ರತಿಯೊಂದು ಪಾಠವೂ ಫೈಬರ್ ಎಂಬ, ಕೊರೂಟೀನಿನಂತಹ ಎಳೆಯೊಳಗೇ ಓಡುತ್ತದೆ.

ಕನ್ನಡಿಗರಿಗೂ ಈ ಅತಿಥಿಯು ಅಪರಿಚಿತನಲ್ಲ. 2013ರ ಮಾರ್ಚಿನಲ್ಲಿ ವಿಕಿಪೀಡಿಯದ ಎಲ್ಲ ಭಾಷೆಗಳ ಆವೃತ್ತಿಗಳಲ್ಲಿಯೂ ಲುವಾ ಬಳಕೆಗೆ ಬಂದಿತು. ಅವುಗಳಲ್ಲಿ ಕನ್ನಡವೂ ಒಂದು. ಲೇಖನದ ಬದಿಯಲ್ಲಿ ಕಾಣುವ ಮಾಹಿತಿಯ ಚೌಕಟ್ಟು, ದಿನಾಂಕಗಳ ಲೆಕ್ಕ, ಉಲ್ಲೇಖಗಳ ಜೋಡಣೆ ಮುಂತಾದುವನ್ನು ರಚಿಸುವ ಪಾಠಗಳು ಮಾಡ್ಯೂಲುಗಳೆಂಬ ಹೆಸರಿನಿಂದ ಅಲ್ಲಿವೆ. ಅವುಗಳನ್ನು ಬರೆಯುವವರು ಓದುಗರೊಳಗಿನ ಸ್ವಯಂಸೇವಕರೇ. ಜಗತ್ತಿನ ಯಾರೋ ಬರೆದುದನ್ನು ತನ್ನ ಯಂತ್ರದಲ್ಲಿ ಓಡಿಸಲು ಆ ಸಂಸ್ಥೆಯು ಅಂಜದಿರುವುದಕ್ಕೆ ಕಾರಣ ಮೇಲೆ ವಿವರಿಸಿದ ಮಿತಿಗಳೇ: ಕಾಲಕ್ಕೆ ಮಿತಿ, ಮೆಮೊರಿಗೆ ಮಿತಿ, ಕಡತಗಳ ಕೋಣೆಗೆ ಬೀಗ.

ರಿಯೊ ನಗರದ ಎಂಜಿನಿಯರರಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ತಾವು ಬಲ್ಲ ವಿಷಯದಲ್ಲಿ ಯಂತ್ರಕ್ಕೆ ತಾವೇ ಆಜ್ಞೆ ಕೊಡುವ ಅಧಿಕಾರ. ಅದನ್ನು ಕೊಡಹೊರಟ ಮೂವರು, ಎಷ್ಟು ಕೊಡಬೇಕು, ಯಾವಾಗ ಸರದಿಯನ್ನು ಹಿಂದಕ್ಕೆ ಪಡೆಯಬೇಕು ಎಂಬ ನಿರ್ಣಯವನ್ನು ಆತಿಥೇಯಕ್ಕೇ ಬಿಟ್ಟರು. ಪೂರ್ಣ ಅಧಿಕಾರವನ್ನು ಕೊಟ್ಟಿದ್ದರೆ ಒಬ್ಬನ ತಪ್ಪಿನಿಂದ ಎಲ್ಲರ ಕೆಲಸವೂ ಕೆಡುತ್ತಿತ್ತು. ಏನನ್ನೂ ಕೊಡದಿದ್ದರೆ ಬಳಸುವವನು ಎಂದೆಂದಿಗೂ ಪರಾಧೀನನಾಗಿ ಉಳಿಯುತ್ತಿದ್ದನು. ಲುವಾದ ಮೂಲಪಾಠವು ಇಂದಿಗೂ ಯಾರು ಬೇಕಾದರೂ ಹಣ ತೆರದೆ ಪಡೆಯಬಹುದಾದುದು. ಒಬ್ಬ ವಿದ್ಯಾರ್ಥಿಯು ಶ್ರದ್ಧೆಯಿಂದ ಕುಳಿತರೆ ಕೆಲವು ತಿಂಗಳುಗಳಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ಕುಳಿತು ಅದನ್ನು ತೆರೆಯುವ ಹುಡುಗನೋ ಹುಡುಗಿಯೋ ಮೊದಲ ದಿನವೇ ಅಟ್ಟಿಯ ಮೇಲೊಂದು ಅಂಕೆಯನ್ನಿಟ್ಟು, ಉತ್ತರವನ್ನು ಓದಿ, ಇಟ್ಟಷ್ಟನ್ನೂ ತಪ್ಪದೆ ತೆಗೆಯುವುದನ್ನು ಕಲಿತರೆ, ಈ ವಿದ್ಯೆಯ ಅರ್ಧಭಾಗವು ಕೈವಶವಾದಂತೆಯೇ ಸರಿ.